ಬಲಗಡೆ ಹಿಂದಿನ ಚಕ್ರ

ಗಾಡಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ ಮೇಲೆ ಸದ್ದು ಶುರುವಾಗುತ್ತಿತ್ತು. ಅರವತ್ತಕ್ಕೆ ಬರುವ ಹೊತ್ತಿಗೆ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಬೆನ್ನ ಹಿಂದಿನಿಂದ ಗೂಂ ಎನ್ನುತ್ತಿತ್ತು.

ನನ್ನದು ಕೊಳವೆಬಾವಿಗಳ ನೀರಿನ ಮಾದರಿ ಸಂಗ್ರಹಿಸುವ ಕೆಲಸ. ತೋವಿನಕೆರೆಯಿಂದ ವಳ್ಳೂರಿನವರೆಗೆ ಸುತ್ತಿ, ಸಂಜೆಯೊಳಗೆ ಬಾಟಲಿಗಳನ್ನು ಮಧುಗಿರಿಗೆ ತರಬೇಕು. ಬಸ್ಸು ನಂಬಿಕೊಂಡರೆ ಆಗುವುದಿಲ್ಲ. ಅಪ್ಪನ ಹಳೆಯ ಏಳು ಸೀಟಿನ ಗಾಡಿಯನ್ನು, ನಮ್ಮ ಮನೆಯಲ್ಲಿ ಎಲ್ಲರೂ ಜೀಪು ಎನ್ನುವುದನ್ನು, ನಾಲ್ಕು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ.

ಒಂದು ವಾರ ಆ ಸದ್ದನ್ನೇ ಗಮನಿಸಿದೆ. ವಳ್ಳೂರಿನ ಸೋಲಾರ್ ಪ್ಲೇಟುಗಳ ನಡುವಿನ ರಸ್ತೆ ನೇರವಾಗಿದೆ, ನುಣುಪಾಗಿದೆ. ಅಲ್ಲಿ ಎಕ್ಸಲರೇಟರ್ ಒತ್ತಿ ನೋಡಿದೆ, ಬಿಟ್ಟು ನೋಡಿದೆ, ಸದ್ದು ಬದಲಾಗಲಿಲ್ಲ. ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನಾಗಿ ಉರುಳಲು ಬಿಟ್ಟೆ, ಆಗಲೂ ಇತ್ತು. ಮಿಡಿಗೇಶಿಯ ಹತ್ತಿರದ ತಿರುವಿನಲ್ಲಿ ಎಡಕ್ಕೆ ತಿರುಗಿಸಿದರೆ ಗಾಡಿಯ ಭಾರ ಬಲಕ್ಕೆ ಬೀಳುತ್ತದೆ, ಸದ್ದು ಜೋರಾಯಿತು. ಬಲಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ನಿಂತೇಹೋಯಿತು. ಬಲಗಡೆ ಹಿಂದಿನ ಚಕ್ರದ ಬೇರಿಂಗ್. ಇನ್ನೇನೂ ಅಲ್ಲ.

ಮಧುಗಿರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ಗೆ ಇದನ್ನೆಲ್ಲ ಹೇಳಿದೆ. ಹೇಳುತ್ತಿದ್ದವಳು ನಾನು, ಅವನು ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಅಪ್ಪನ ಮುಖವನ್ನು.

"ಬನ್ನಿ ಅಣ್ಣ, ಒಂದ್ ರೌಂಡ್ ಹೋಗ್ಬರಾನ" ಅಂದ. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. "ನೀನ್ಯಾಕಮ್ಮ, ಇಲ್ಲೇ ಇರು. ಹೆಣ್ಮಕ್ಳಿಗೆ ಮಿಕ್ಸಿ ಸದ್ ಮಾಡುದ್ರೂ ಗಾಬ್ರಿನೇ."

ಅಪ್ಪ ನಕ್ಕ. ಇಬ್ಬರೂ ಹೊರಟುಹೋದರು.

ಅಪ್ಪ ಮೂವತ್ತು ವರ್ಷ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಯಂತ್ರದ ಪಕ್ಕ ನಿಂತು ದುಡಿದವನು. ಕಿವಿ ಅರ್ಧ ಹೋಗಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆ ಮಾತು ಆಡುವುದಿಲ್ಲ.

ವಾಪಸು ಬಂದ ಮೆಕ್ಯಾನಿಕ್, "ಕ್ರೌನ್ ಹೋಗೈತೆ ಕಣಮ್ಮ, ಅಣ್ಣಂಗೂ ಕೇಳ್ತು" ಅಂದ. ಕ್ರೌನ್ ಎಂದರೆ ಹಿಂದಿನ ಆಕ್ಸಲ್‌ನ ನಡುವೆ ಇರುವ ಹಲ್ಲಿನ ಚಕ್ರ.

"ಹೂಂ, ಚೆನ್ನಾಗ್ ಕೇಳ್ತು. ಮಧ್ಯದಿಂದ್ಲೇ ಬತ್ತೈತೆ" ಎಂದ ಅಪ್ಪ.

ನಾಲ್ಕು ದಿನ ಬಿಚ್ಚಿಟ್ಟುಕೊಂಡು ಕ್ರೌನ್ ಬದಲಾಯಿಸಿದರು. ಸದ್ದು ಹಾಗೆಯೇ ಇತ್ತು. "ಅಂಗಾರೆ ಗೇರ್‌ಬಾಕ್ಸೂ ಹೋಗೈತೆ. ಮಾರ್ಬುಡಿ ಅಣ್ಣ" ಎಂದ ಮೆಕ್ಯಾನಿಕ್. ಅಪ್ಪ ಅದಕ್ಕೂ ತಲೆಯಾಡಿಸಿದ. ಭಾನುವಾರ ಬಂದು ಗಾಡಿ ನೋಡಿ ಎಂದು ಕೊರಟಗೆರೆಯ ಒಬ್ಬರಿಗೆ ಹೇಳಿಯೂ ಬಿಟ್ಟ. ಗಾಡಿ ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂದೆ.

"ನೆಳ್ಳಲ್ಲಿ ಕುಂತ್ ಮಾಡೋ ಕೆಲ್ಸ ನೋಡ್ಕೊ" ಅಂದ ಅಪ್ಪ.

ಮೈಯೆಲ್ಲ ಉರಿಯಿತು. ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಬಲಚಕ್ರಕ್ಕೆ ಜ್ಯಾಕ್ ಏರಿಸಿದೆ. ಚಕ್ರದ ಒಳಬದಿಯ ಸ್ಪ್ರಿಂಗ್ ಪಟ್ಟಿಗಳ ಮೇಲೆ ಅಂಗೈ ಇಟ್ಟು ಚಕ್ರ ತಿರುಗಿಸಿದರೆ, ಒಳಗೆ ಯಾರೋ ಮರಳು ಅರೆಯುತ್ತಿರುವ ಹಾಗೆ ಕೈಗೆ ತಾಗಿತು. ಎಡಚಕ್ರವನ್ನೂ ಏರಿಸಿ ತಿರುಗಿಸಿದೆ. ಅದು ನುಣ್ಣಗಿತ್ತು.

ಅಪ್ಪನನ್ನು ಕರೆದೆ. ಬಂದು ಬಗ್ಗಿ ತಲೆ ವಾಲಿಸಿದ.

"ಕಿವಿ ಬೇಡ. ಕೈ ಇಡು."

ಬಲಕ್ಕೆ ಇಟ್ಟ, ಎಡಕ್ಕೆ ಹೋಗಿ ಇಟ್ಟ, ಮತ್ತೆ ಬಲಕ್ಕೆ ಬಂದ.

ಶಿರಾಕ್ಕೆ ಹೋಗಿ ಬೇರಿಂಗ್ ತಂದೆ. ಅಂಗಡಿಯ ಸಾಹೇಬರು "ಯಾವ ವರ್ಷದ ಗಾಡಿಯಮ್ಮ? ಹಿಂದಿಂದೋ ಮುಂದಿಂದೋ?" ಎಂದು ಕೇಳಿ ಕಪಾಟಿನ ಕಡೆ ತಿರುಗಿದರು. ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡೇ ಇದ್ದೆನೆಂದು ನನಗೆ ಗೊತ್ತಾದದ್ದು ಆಗ.

ಮಾರನೆಯ ದಿನ ಗ್ಯಾರೇಜಿನಲ್ಲಿ ಚಕ್ರ ಕಳಚಿದರು. ಹಳೆಯ ಬೇರಿಂಗ್ ಕಾದು ನೀಲಿಗಟ್ಟಿತ್ತು, ಒಳಗೆಲ್ಲ ಗುಳಿ ಬಿದ್ದಿತ್ತು. ಮೆಕ್ಯಾನಿಕ್ ಅದನ್ನು ಒರೆಸಿ ಅಪ್ಪನ ಕೈಗೆ ಕೊಟ್ಟ.

"ಭಾರಿ ಕಂಡಿಡುದ್ಬುಟ್ರಿ ಬುಡಿ ಅಣ್ಣ."

"ಕೈ ಇಟ್ ನೋಡ್ದೆ. ಗೊತ್ತಾಯ್ತು" ಅಂದ ಅಪ್ಪ.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಹೊಸದನ್ನು ಕೂರಿಸಿದ ಮೇಲೆ ಮನೆಗೆ ಹೊರಟೆವು. ಅರವತ್ತು ದಾಟಿದೆ, ಟೈರಿನ ಸದ್ದು ಬಿಟ್ಟರೆ ಏನಿಲ್ಲ. ಊರಾಚೆಯ ಹುಣಸೆಮರದ ಕೆಳಗೆ ನಿಲ್ಲಿಸಿದೆ.

"ಆವತ್ತು ನಿಂಗೆ ಏನೂ ಕೇಳಿಸಿರಲಿಲ್ಲ" ಅಂದೆ. ಅಪ್ಪ ಮುಂದಿನ ಗಾಜು ನೋಡುತ್ತಿದ್ದ. ಇನ್ನೂ ಗಟ್ಟಿಯಾಗಿ ಹೇಳಿದೆ.

"ಇಲ್ಲ."

"ಮತ್ತೆ ಕೇಳ್ತು ಅಂತ ಯಾಕಂದೆ?"

"ಇಲ್ಲ ಅಂದಿದ್ರೆ ನಿನ್ನಂಗೆ ನನ್ನೂ ಆಚೆ ನಿಲ್ಲಿಸ್ತಿದ್ದ."

ನನ್ನನ್ನು ಹೊರಗೆ ನಿಲ್ಲಿಸಿದ್ದು ಅವನ ಗಮನಕ್ಕೇ ಬಂದಿರಲಿಲ್ಲ ಎಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಸ್ವಲ್ಪ ಕ್ಷಮಿಸಿಯೂ ಇದ್ದೆ. ಅವನು ನೋಡಿದ್ದ. ನೋಡಿ, ನಕ್ಕು, ಮುಂದಿನ ಸೀಟು ಹತ್ತಿದ್ದ.

ಅವನ ಫೋನು ತೆಗೆದುಕೊಂಡು ಕೊರಟಗೆರೆಯವರಿಗೆ ಮಾಡಿದೆ. ಗಾಡಿ ಕೊಡುವುದಿಲ್ಲ, ನಾಳೆ ಬರಬೇಡಿ ಎಂದೆ.

"ನಿಮ್ಮಪ್ಪಾಜಿ ಬಂದ್ ನೋಡಿ ಅಂದಿದ್ರಲ್ಲಮ್ಮ. ಅವ್ರಿಗ್ ಕೊಡು ಫೋನು."

ಅಪ್ಪ ಕೈ ಚಾಚಿದ. ನಾನು ಕೊಡಲಿಲ್ಲ.

"ಓಡಿಸೋಳು ನಾನು. ಬರಬೇಡಿ."