ಕಾಕು ನೋಡಿದ ಸಿನಿಮಾಗಳು

ಮೊನ್ನೆ ಡ್ಯೂಟಿ ಮುಗಿಸಿ ಬರುವಾಗ ಆಳಂದದ ರಿಪೇರಿ ಅಂಗಡಿಯೊಂದಕ್ಕೆ ಮಿಕ್ಸರ್ ಕೊಡಲು ಹೋಗಿದ್ದೆ. ಬೆನ್ನು ಉಬ್ಬಿದ ಹಳೆಯ ಟಿವಿಯೊಂದರ ಮುಚ್ಚಳ ಬಿಚ್ಚಿ ಚಾಲೂ ಮಾಡಿಟ್ಟಿದ್ದರು. ಕಾದ ಧೂಳಿನ ವಾಸನೆ ಬಂತು. ಕಾಲುಗಳು ಮೊದಲೇ ಸೋತಿದ್ದವು. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅಫಜಲಪುರದ ಕಾಕು ನೆನಪಾದರು...

ಆಗ ನಾನು ಅಫಜಲಪುರದಲ್ಲಿ ನರ್ಸ್ ಆಗಿದ್ದೆ. ನನ್ನ ಬಾಡಿಗೆ ಕೋಣೆಗೆ ಅಂಟಿಕೊಂಡೇ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಅವರ ಮನೆ. ಅವರ ಗಂಡ ಕಾಕಾ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಕಾಕು ಅವರಿಗೆ ಸಿನಿಮಾ, ಧಾರಾವಾಹಿ, ಹಾಡಿನ ಸ್ಪರ್ಧೆ, ಏನಾದರೂ ಸರಿ, ನೋಡಲೇಬೇಕು, ನೋಡಿದ್ದನ್ನು ಬಯ್ಯಲೇಬೇಕು. ನಾನು ಆಸ್ಪತ್ರೆಯಿಂದ ಬರುವುದನ್ನೇ ಕಾದು ಒಳಗೆ ಕರೆದು ಚಹಾ ಕೊಡುತ್ತಿದ್ದರು. ಕಪ್ಪು ಕೈಗೆ ಬರುವಷ್ಟರಲ್ಲಿ ತೀರ್ಪು ಶುರುವಾಗುತ್ತಿತ್ತು.

"ನೋಡ್ಬೇ, ಇಷ್ಟು ಕುಣದ್ರೂ ಈ ಹೀರೋಗ ಬೆವರೇ ಬರಂಗಿಲ್ಲ. ಇಕಿ ಅತ್ತಿ ಅಂತ, ರೇಷ್ಮಿ ಸೀರಿ ಉಟ್ಕೊಂಡು ಮಲಗ್ತಾಳ. ಇಕಿ ಮನ್ಯಾಗ ರೊಟ್ಟಿ ಯಾರು ಬಡೀತಾರ?"

ಈಗಿನ ಹಾಡುಗಳಲ್ಲಿ ವಾದ್ಯ ಮುಗಿಯುವುದನ್ನು ಕಾದು ಹಾಡುಗಾರ ಒಂದು ಸಾಲು ಹೇಳಿ ಓಡಿಹೋಗುತ್ತಾನೆ ಎಂಬುದು ಅವರ ದೂರು. ದುಃಖದ ಹಾಡು ಒಂದಿಲ್ಲದ ಸಿನಿಮಾ ಅವರ ಲೆಕ್ಕದಲ್ಲಿ ಸಿನಿಮಾನೇ ಅಲ್ಲ. ನಾನು ಸುಮ್ಮನೆ ಹೂಂಗುಟ್ಟಿದರೆ ಬಿಡುತ್ತಿರಲಿಲ್ಲ. ಎದುರು ಮಾತಾಡಬೇಕು, ಜಗಳ ಆಡಬೇಕು. ಕಾಕಾ ಮಾತ್ರ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಟಿವಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ. "ಬಸ್ಸಿನಾಗ ದಿನಾ ಮಂದಿ ನಾಟಕ ನೋಡೀನಿ, ಸಾಕು," ಎನ್ನುತ್ತಿದ್ದರು.

ಬರಬರುತ್ತಾ ಆ ಮನೆಯ ಟಿವಿಯ ಸದ್ದು ಏರುತ್ತಾ ಹೋಯಿತು. ಓಣಿಯವರು ತಕರಾರು ಮಾಡಿದರು. ನನಗೂ ತಲೆ ಸಿಡಿಯುತ್ತಿತ್ತು. ಆಮೇಲೆ ಒಂದು ಸಂಜೆ ಹೋದಾಗ ಮನೆ ನಿಶ್ಶಬ್ದ. ಟಿವಿಯಲ್ಲಿ ಹುಡುಗಿಯೊಬ್ಬಳು ಮೈಕ್ ಹಿಡಿದು ಹಾಡುತ್ತಿದ್ದಳು, ಆದರೆ ಸ್ಪೀಕರ್ ಕೆಟ್ಟುಹೋಗಿತ್ತು, ಸದ್ದೇ ಇರಲಿಲ್ಲ. ಕಾಕು ತಲೆದೂಗುತ್ತಾ ಹೇಳಿದರು: "ಇಕಿ ದನಿ ಭಾಳ ಛಲೋ ಅದ ನೋಡು, ತಂಗಿ."

ನಾನು ಬಾಗಿಲಾಚೆ ಕಟ್ಟೆಯ ಮೇಲಿದ್ದ ಕಾಕಾ ಅವರ ಮುಖ ನೋಡಿದೆ. ಅವರು ಏನೂ ಹೇಳಬೇಡ ಎಂಬಂತೆ ಕೈ ಆಡಿಸಿದರು.

ಕಲಬುರಗಿಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದೆವು. ಮಷಿನ್ ಕೊಟ್ಟರು. ಅದನ್ನು ಹಾಕಿಕೊಂಡರೆ ಎಲ್ಲರೂ ಡಬ್ಬಿಯೊಳಗೆ ಕೂತು ಮಾತಾಡಿದಂತಾಗುತ್ತದೆ ಎಂದು ಕಾಕು ತೆಗೆದಿಟ್ಟರು. ಇನ್ನು ಆ ಮನೆಯಲ್ಲಿ ಟಿವಿ ಮುಗಿಯಿತು ಅಂದುಕೊಂಡೆ. ಆದರೆ ಮರುವಾರ ನೋಡುತ್ತೇನೆ, ಕಾಕಾ ಕಟ್ಟೆ ಬಿಟ್ಟು ಒಳಗೆ ಬಂದಿದ್ದಾರೆ! ಹೆಂಡತಿಯ ಎದುರು ಕೂತು, ಟಿವಿ ನೋಡುತ್ತಾ, ತುಟಿಗಳನ್ನು ನಿಧಾನ ಆಡಿಸಿ, ಕೈಸನ್ನೆ ಮಾಡಿ ಕಥೆ ಹೇಳುತ್ತಿದ್ದಾರೆ. ಅಷ್ಟು ವರ್ಷ ನೋಡಿದ ಬಾಯಿ. ಅದು ಆಡಿದ್ದು ಕಾಕು ಅವರಿಗೆ ತಿಳಿಯುತ್ತಿತ್ತು.

ಕಾಕಾ ಹೇಳುತ್ತಿದ್ದ ಕಥೆಯೇ ಬೇರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅವರ ಸಿನಿಮಾದಲ್ಲಿ ಯಾರೂ ಸಾಯುತ್ತಿರಲಿಲ್ಲ, ಯಾರೂ ಯಾರನ್ನೂ ಬಿಟ್ಟು ಹೋಗುತ್ತಿರಲಿಲ್ಲ. ಪರದೆಯ ಮೇಲೆ ಹೆಣದ ಮುಖಕ್ಕೆ ಬಟ್ಟೆ ಎಳೆಯುತ್ತಿದ್ದರೆ, "ಥಂಡಿ ಹತ್ತೇತಿ, ಹೊಚ್ಚಾಕತ್ತಾರ," ಎಂದರು ಕಾಕಾ.

"ಮತ್ತ ಆಕಿ ಯಾಕ ಅಳಾಕತ್ತಾಳ್ರೀ?"

"ಜ್ವರ ಬಂದದ ಅಂತ."

ನನಗೆ ನಗು ತಡೆಯಲಾಗಲಿಲ್ಲ. ಕಾಕು ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. "ಹೌದೇನ್ರಿ, ಜ್ವರ ಭಾಳ ಕೆಟ್ಟದ್ದು," ಎಂದು ಮತ್ತೆ ಟಿವಿಯತ್ತ ತಿರುಗಿದರು.

ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡರು. ನಾನು ಆಸ್ಪತ್ರೆಯಲ್ಲೇ ಇದ್ದೆ. ಬಟ್ಟೆ ಎಳೆದದ್ದು ನಾನೇ. ಬಾಗಿಲಲ್ಲಿ ನಿಂತಿದ್ದ ಕಾಕು ಅವರಿಗೆ ಆಗ ಯಾರೂ ಏನೂ ಹೇಳಬೇಕಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಹೋದೆ. ಟಿವಿಯ ಮೇಲೆ ಹಳೆಯ ಟವಲ್ ಹೊದಿಸಿದ್ದರು. ಅದನ್ನು ತೆಗೆದು, ಹಚ್ಚಲೇ ಎಂದು ಸನ್ನೆ ಮಾಡಿದೆ. ಇನ್ನು ಕಥೆ ನಾನು ಹೇಳುತ್ತೇನೆ ಎಂದು ನನ್ನತ್ತ ಬೆರಳು ತೋರಿಸಿದೆ. ಕಾಕು ನನ್ನ ಕೈ ಹಿಡಿದು ಕೂರಿಸಿದರು.

"ಬ್ಯಾಡ, ತಂಗಿ. ನೀ ಖರೇ ಹೇಳ್ತಿ. ಅವ್ರು ಸುಳ್ಳು ಹೇಳ್ತಿದ್ರು, ನನಗ ಗೊತ್ತಿತ್ತು. ಆ ಸುಳ್ಳು ಕೇಳಾಕ ಟಿವಿ ನೋಡ್ತಿದ್ದೆ."

ಅವರು ತಮ್ಮ ತಂಗಿಯ ಮನೆಗೆಂದು ಭೂಸನೂರಿಗೆ ಹೋದರು. ನನಗೆ ಜೇವರ್ಗಿಗೆ ವರ್ಗವಾಯಿತು, ಆಮೇಲೆ ಇಲ್ಲಿ ಆಳಂದಕ್ಕೆ. ಒಮ್ಮೆ ಹೋಗಿ ನೋಡಿ ಬಂದಿದ್ದೆ, ಅಷ್ಟೆ. ಇನ್ನೊಮ್ಮೆ ಹೋಗಬೇಕು ಅಂದುಕೊಳ್ಳುತ್ತಿರುವಾಗಲೇ ಹೋದ ವರ್ಷ ಅವರ ತಂಗಿಯ ಫೋನ್ ಬಂತು. ಎಲ್ಲ ಮುಗಿದ ಮೇಲೆ ಬಂದ ಫೋನು...

ನಿನ್ನೆ ರಜೆ ಇತ್ತು. ಜೊತೆಯ ನರ್ಸುಗಳು ಕಲಬುರಗಿಗೆ ಸಿನಿಮಾಕ್ಕೆ ಎಳೆದುಕೊಂಡು ಹೋದರು. ಅರ್ಧ ನಿದ್ದೆಯಲ್ಲೇ ನೋಡಿದೆ. ಹೊರಗೆ ಬರುವಾಗ ಅವರಲ್ಲೊಬ್ಬಳು ಕೇಳಿದಳು: "ಹ್ಯಾಂಗಿತ್ರಿ, ಅಕ್ಕಾ?"

"ಛಲೋ ಇತ್ತು," ಅಂದೆ. ಅವಳು ಫೋನು ನೋಡುತ್ತಾ ಮುಂದೆ ನಡೆದಳು. ಏನು ಛಲೋ ಇತ್ತು ಅಂತ ಜಗಳಕ್ಕೆ ನಿಲ್ಲುವವರು ಯಾರೂ ಇರಲಿಲ್ಲ. ಆಳಂದದ ಬಸ್ಸಿಗೆ ಇನ್ನೂ ಹೊತ್ತಿತ್ತು.