ಮೂರು ಕಲ್ಲಿನ ಒಲೆ

ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ, ಎರಡು ಹೋಳಾಗಿ, ಕಪ್ಪಗೆ ದಪ್ಪಗೆ ಬೆಳೆದಿತ್ತು. ಎಂದೋ ಕಾಯಿ ಸುಲಿಯುವಾಗ ಆದ ಗಾಯವಂತೆ. ಆ ಬೆರಳಿನಿಂದಲೇ ಮುದ್ದೆ ಮುರಿದು ಮೊದಲ ತುತ್ತನ್ನು ಕೆಂಚನಿಗೆ ಹಾಕುತ್ತಿದ್ದಳು. ಕೆಂಚ ನಮ್ಮ ಮನೆಯ ನಾಯಿ. ಅದು ತಿಂದ ಮೇಲೇ ಆಕೆಯ ಊಟ.

ಬೈಗುಳವಿಲ್ಲದೆ ಅಜ್ಜಿಯ ದಿನ ಕಳೆಯುತ್ತಿರಲಿಲ್ಲ. ಉಕ್ಕಿದ ಹಾಲು, ಅಟ್ಟದ ಕಾಯಿಯ ಮೇಲೆ ಓಡಾಡುವ ಇಲಿ, ತಡವಾಗಿ ಬರುವ ಚಿಕ್ಕನಾಯಕನಹಳ್ಳಿ ಬಸ್ಸು, ಯಾವುದನ್ನೂ ಬಿಡುತ್ತಿರಲಿಲ್ಲ. ಎಂ.ಎ. ಮುಗಿಸಿ ಬಂದ ನಾನು ಯಾರೊಡನೆಯೂ ಹೆಚ್ಚು ಮಾತಾಡದ್ದನ್ನು ಕಂಡು, "ಅಷ್ಟು ಓದ್ದೋಳು ಬಾಯಿ ಎಲ್ಲಿ ಮರ್ತು ಬಂದ್ಯೇ?" ಎನ್ನುತ್ತಿದ್ದಳು. ಆದರೆ ನಿಜವಾದ ಸಿಟ್ಟು ಬಂದಾಗ ಆಕೆ ಬೈಯುವುದೇ ಇಲ್ಲ ಎಂಬುದು ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ.

ನನ್ನನ್ನು ನೋಡಲು ತುರುವೇಕೆರೆ ಕಡೆಯಿಂದ ಗಂಡಿನವರು ಬರುವುದೆಂದು ಅಪ್ಪ ನಿಶ್ಚಯಿಸಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ. ಹೊಸಬರನ್ನು ಕಂಡರೆ ಕೆಂಚ ಹೊಸ್ತಿಲಿಗೆ ಅಡ್ಡ ಮಲಗಿ ಗುರ್ ಎನ್ನುತ್ತಿತ್ತು. ಅಪ್ಪನಿಗೆ ಅದೇ ಚಿಂತೆ. ಕೊಬ್ಬರಿ ಚೀಲ ಹೇರಿಕೊಂಡು ಅವನು ತಿಪಟೂರಿಗೆ ಹೋಗಿ ಬಂದ ದಿನ ಕೆಂಚ ಕಾಣಲಿಲ್ಲ. ಅಜ್ಜಿ ಕೇಳಿದ್ದಕ್ಕೆ, ಯಾವುದೋ ಹೆಣ್ಣುನಾಯಿಯ ಹಿಂದೆ ಹೋಗಿರಬೇಕು ಎಂದ. ಮರುದಿನ ಬಸ್ಸಿಳಿದು ಬಂದ ಪಕ್ಕದ ಮನೆಯಾಕೆ, ನಿಮ್ಮ ಕೆಂಚ ಕಿಬ್ಬನಹಳ್ಳಿಯ ಬೇಕರಿ ಮುಂದೆ ಮಲಗಿದೆ, ನಿಮ್ಮ ಮಗನೇ ಗಾಡಿಯಿಂದ ಇಳಿಸಿ ಹೋದನೆಂದು ಬೇಕರಿಯವರು ಹೇಳಿದರು ಎಂದಳು.

ಅಜ್ಜಿ ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದಳು. ಬರುವಾಗ ಕಂಡಕ್ಟರು ನಾಯಿಯನ್ನು ಹತ್ತಿಸಲಿಲ್ಲವಂತೆ. ಕೆಂಚನ ಕುತ್ತಿಗೆಗೆ ನಾರಿನ ಹಗ್ಗ ಕಟ್ಟಿ ಬಿಸಿಲಿನಲ್ಲಿ ನಡೆದೇ ಬಂದಳು. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಆದರೂ ಒಳಗೆ ಬರಲಿಲ್ಲ. ಅಂಗಳದ ಮೂಲೆಯ ತಗಡಿನ ಮಾಡಿನ ಕೆಳಗೆ ಮೂರು ಕಲ್ಲು ಹೂಡಿ, ತೆಂಗಿನ ಚಿಪ್ಪು ಉರಿಸಿ, ಮುದ್ದೆಗೆ ಎಸರಿಟ್ಟಳು.

ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಉರಿದರೆ ಮನೆ ಒಡೆಯಿತು ಎಂದೇ ಅರ್ಥ. ಅಣ್ಣತಮ್ಮಂದಿರು ಹಾಗೆ ಬೇರೆಯಾಗುವುದುಂಟು. ತಾಯಿಯೊಬ್ಬಳು ಮಗನಿಂದ ಬೇರೆ ಒಲೆ ಹೂಡಿದ್ದನ್ನು ಊರು ನೋಡಿರಲಿಲ್ಲ. ಅದೂ ಒಂದು ನಾಯಿಗಾಗಿ.

ಗಂಡಿನವರು ಬರುವ ಬೆಳಿಗ್ಗೆ ಅಪ್ಪ ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇವತ್ತೊಂದಿನ ಒಳಕ್ ಬಾರವ್ವ. ಮರ್ವಾದೆ ಹೋಯ್ತದೆ."

"ಬತ್ತೀನಿ ಕಣಪ್ಪ. ಕೆಂಚನ್ನ ಬುಟ್ಟು ಬಂದೋನು ನಾನೇ ಅಂತ ಒಂದ್ ಮಾತು ಹೇಳು, ಬತ್ತೀನಿ."

"ನಿಂಗೆ ಮಗನಿಗಿಂತ ನಾಯಿ ಹೆಚ್ಚಾಯ್ತಾ?"

"ನಾಯಿ ನಂಗೆ ಸುಳ್ಳು ಹೇಳ್ಲಿಲ್ಲ ಕಣ್ಲಾ."

ಅಪ್ಪ ಎದ್ದು ಹೋದ. ಗಂಡಿನವರು ಬಂದರು, ಅಂಗಳದ ಹೊಗೆ ನೋಡಿದರು, ಕಾಫಿ ಕುಡಿದು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ತಿಳಿಸಲಿಲ್ಲ. ಮಗಳ ಸಂಬಂಧ ತಪ್ಪಿಸಿದ್ದು ಅವ್ವನೇ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಹೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳುವುದಕ್ಕಿಂತ, ಹೆತ್ತವಳು ಮಳೆಗಾಲವೆಲ್ಲ ತಗಡಿನ ಕೆಳಗೆ ಉಣ್ಣುವುದನ್ನು ನೋಡುವುದೇ ಅವನಿಗೆ ಸುಲಭವಾಯಿತು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಕೊನೆಯವರೆಗೂ ಒಳಗಿನ ಒಲೆಯ ಅನ್ನ ಮುಟ್ಟಲಿಲ್ಲ.

ಶಿವಗಣಾರಾಧನೆಯ ದಿನ ಅಮ್ಮ ಒಳಗಿನ ಒಲೆಯಲ್ಲಿ ಅಜ್ಜಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಟ್ಟಳು. ಬೇಡವೆಂದದ್ದನ್ನು ಸತ್ತ ಮೇಲೆ ಬಡಿಸಿದ್ದರು. ಊಟಕ್ಕೆ ಕೂತ ನೆಂಟರೊಬ್ಬರು ಅಂಗಳದ ಒಲೆಯ ವಿಷಯ ಕೇಳಿದರು. ಅವ್ವನಿಗೆ ಕೊನೆಕೊನೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ಅಪ್ಪ ನಿಟ್ಟುಸಿರಿಟ್ಟ.

ನಾನು ಬಡಿಸುತ್ತಿದ್ದೆ. ಸೌಟನ್ನು ಪಾತ್ರೆಯೊಳಗಿಟ್ಟು, ದನಿ ಏರಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಅಜ್ಜಿ ಬುದ್ಧಿ ಸರಿಯಾಗೇ ಇತ್ತು. ಕೆಂಚನ್ನ ಕಿಬ್ಬನಹಳ್ಳೀಲಿ ಬಿಟ್ಟು ಬಂದು, ಅದೇ ಎಲ್ಲೋ ಹೋಗಿರ್ಬೇಕು ಅಂತ ಸುಳ್ಳು ಹೇಳಿದ್ದು ಅಪ್ಪ."

ಯಾರೂ ತುತ್ತೆತ್ತಲಿಲ್ಲ. ಸುಮ್ಮನಿರು ಎಂದು ಅಮ್ಮ ಕಣ್ಣಲ್ಲೇ ಹೇಳಿದಳು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅಂದು ಬರಲಿಲ್ಲ.

ಅಂಗಳಕ್ಕೆ ಹೋದೆ. ಕಲ್ಲುಗಳ ನಡುವಿನ ಬೂದಿ ತೆಗೆದು ಒಲೆ ಹಚ್ಚಿದೆ. ನನ್ನ ಮುದ್ದೆ ಗಂಟುಗಂಟಾಯಿತು. ಅಜ್ಜಿ ಇದ್ದಿದ್ದರೆ ಅದಕ್ಕೂ ಬೈಯುತ್ತಿದ್ದಳು. ಮೊದಲ ತುತ್ತನ್ನು ಕೆಂಚನಿಗೆ ಹಾಕಿದೆ. ಅದು ಮೂಸಿ ನೋಡಿ, ನನ್ನ ಮುಖ ನೋಡಿ, ತಿಂದಿತು.

ಅಪ್ಪ ಹೊಸ್ತಿಲಿಗೆ ಬಂದ. "ಒಳಕ್ ಬಾರಮ್ಮ, ಜನ ನೋಡ್ತಾವ್ರೆ."

"ಒಂದ್ ಮಾತು ಹೇಳಪ್ಪ, ಬತ್ತೀನಿ" ಎಂದೆ.

ಅಪ್ಪ ಅಲ್ಲೇ ನಿಂತಿದ್ದ. ನಾನು ಒಲೆಗೆ ಇನ್ನೊಂದು ಚಿಪ್ಪು ಹಾಕಿದೆ.