ಅಣ್ಣಾಸಾಹೇಬರ ಇಪ್ಪತ್ತು ಅಕ್ಷರ

ಅದು ೧೯೮೮ ಎಂದು ನನ್ನ ನೆನಪು. ಎಂಬತ್ತೊಂಬತ್ತೂ ಇರಬಹುದು, ದಿನಚರಿಯಲ್ಲಿ ಆ ದಿನದ ಬಗ್ಗೆ ಒಂದೇ ಸಾಲು ಬರೆದಿದ್ದೇನೆ, ಇಸವಿ ಹಾಕಿಲ್ಲ. ಆಗ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಒಂದು ಪಿಸಿ, ಒಂದು ಪ್ರಿಂಟರ್ ಮತ್ತು ಪ್ರೋಗ್ರಾಮರ್ ವಿದ್ಯಾ. ಖಾನಾಪುರದ ರಕ್ತದಾನಿಗಳ ಬಳಗವೊಂದು ತನ್ನ ಸದಸ್ಯರಿಗೆ ರಕ್ತದ ಗುಂಪಿನ ಕಾರ್ಡ್ ಮಾಡಿಕೊಡಲು ಕೇಳಿತ್ತು. ವಿದ್ಯಾ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಳು. ಬಳಗದ ಪಾಟೀಲ ಮಾಸ್ತರರು ರವಿವಾರಗಳಂದು ಬಂದು ಹೆಸರು, ಗುಂಪುಗಳನ್ನು ಇಂಗ್ಲಿಷಿನಲ್ಲಿ ತಾವೇ ಟೈಪ್ ಮಾಡಿ ಕಾರ್ಡ್ ತೆಗೆದುಕೊಂಡು ಹೋಗಿದ್ದರು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಮಾಸ್ತರರು ಆಸ್ಪತ್ರೆಯಿಂದ ನೇರವಾಗಿ ನಮ್ಮಲ್ಲಿಗೆ ಬಂದರು. ಜೊತೆಯಲ್ಲಿ ಖಾನಾಪುರದ ಕಟ್ಟಿಗೆ ವ್ಯಾಪಾರಿ ಅಣ್ಣಾಸಾಹೇಬ ಬೆಳಗಾಂವಕರ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿದ್ದ ಹೆಣ್ಣುಮಗಳೊಬ್ಬಳಿಗೆ ಬಿ ಗುಂಪಿನ ರಕ್ತ ಬೇಕಾಗಿತ್ತು. ಅಣ್ಣಾಸಾಹೇಬರ ಕಾರ್ಡಿನಲ್ಲಿ ಬಿ ಎಂದಿತ್ತು. ಲ್ಯಾಬಿನಲ್ಲಿ ನೋಡಿದರೆ ಅವರದು ಎಬಿ. ಆ ರಕ್ತ ಅವಳಿಗೆ ಕೊಡುವಂತಿಲ್ಲ.

“ಬಿ ಅನ್ನೋ ಕಾರ್ಡು ಇನ್ನೂ ಅದಾವ್ರಿ,” ಎಂದರು ಮಾಸ್ತರರು. “ಆದ್ರ ಯಾವ್ದು ಖರೇ, ಯಾವ್ದು ಸುಳ್ಳು? ಎರಡನೇದೂ ತಪ್ಪಾದ್ರ ಮೂರನೇದು ಹುಡುಕಾಕ ಆಕಿಗೆ ಹೊತ್ತೆಲ್ಲೈತ್ರಿ?”

ವಿದ್ಯಾ ಪ್ರೋಗ್ರಾಮ್ ತೆರೆದಳು. ನನಗೆ ಕೂರಲಾಗಲಿಲ್ಲ. ಟೈಪ್ ಮಾಡುವಾಗ ಮಾಸ್ತರರೇ ತಪ್ಪಿದರೇ, ಪ್ರೋಗ್ರಾಮ್ ತಪ್ಪಿತೇ? ಅವಳ ಬೆನ್ನ ಹಿಂದೆ ನಿಂತು ಕೇಳಿದ್ದನ್ನೇ ಕೇಳುತ್ತಿದ್ದೆ.

“ಅಳತಿ ನೋಡೇ ಬರದೀನಿ ಸರ್. ಹೆಸರಿಗೆ ಇಪ್ಪತ್ತರ ಅರೇ ಅದ. ಹೆಸರಿನ ಉದ್ದ ಇಪ್ಪತ್ತು ದಾಟಿದ್ರ ಮಷೀನ್ ತಗೊಳ್ಳಂಗಿಲ್ಲ. ನೀವು ಸ್ವಲ್ಪ ಅತ್ತಾಗ ಸರದು ನಿಂತ್ರ ಬೆಳಕರ ಬೀಳತದ.”

ಅರೇ ಎಂದರೆ ಮೆಮೊರಿಯಲ್ಲಿ ಸಾಲಾಗಿ ಹಿಡಿದಿಟ್ಟ ಜಾಗ, ಅಕ್ಷರಕ್ಕೊಂದು ಮನೆ. ಆ ಜಾಗದ ಮಗ್ಗುಲಲ್ಲೇ ರಕ್ತದ ಗುಂಪಿನ ಎರಡು ಮನೆಗಳಿದ್ದವು. ಅಷ್ಟರಲ್ಲಿ ಮಾಸ್ತರರು ಇನ್ನೊಂದು ಮಾತು ಹೇಳಿದರು.

“ಕೆಲವು ಕಾರ್ಡಿನ್ಯಾಗ ಗುಂಪಿನ ಜಾಗಾ ಖಾಲೀನ ಬಂದಿತ್ರಿ. ರಿಬ್ಬನ್ ಮಾಸೈತಿ ಅಂತ ತಿಳದು ಪೆನ್ನಿಲೆ ಬರದೆ.”

ವಿದ್ಯಾ ತಿರುಗಿ ನೋಡಿದಳು. “ಯಾರ ಕಾರ್ಡ್ರಿ ಅವು?”

“ದೊಡ್ಡ ಮಂದೀವು. ಮೊದಲು ಅಣ್ಣಾ, ಅಪ್ಪಾ ಅಂತಷ್ಟ ಹಾಕಿದ್ದೆ. ಹೆಸರಿಗೆ ಮರ್ಯಾದಿ ಬ್ಯಾಡೇನ್ರಿ? ಆಮ್ಯಾಲೆ ತಿದ್ದಿ ಸಾಹೇಬ ಅಂತ ಸೇರಿಸಿದೆ.”

ವಿದ್ಯಾ ಅಣ್ಣಾಸಾಹೇಬರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬೆರಳಲ್ಲಿ ಎಣಿಸಿದಳು. ನಡುವಿನ ಖಾಲಿ ಜಾಗ ಸೇರಿ ಸರಿಯಾಗಿ ಇಪ್ಪತ್ತು. ಸಿ ಭಾಷೆ ಪ್ರತಿ ಹೆಸರಿನ ಕೊನೆಗೆ, ಇಲ್ಲಿಗೆ ಮುಗಿಯಿತು ಎಂದು ತೋರಿಸಲು ಕಣ್ಣಿಗೆ ಕಾಣದ ಒಂದು ಸೊನ್ನೆ ಇಡುತ್ತದೆ. ಉದ್ದ ಅಳೆಯುವ ಫಂಕ್ಷನ್ ಆ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಆದರೆ ಅದಕ್ಕೂ ಜಾಗ ಬೇಕು. ಇಪ್ಪತ್ತು ಅಕ್ಷರದ ಹೆಸರಿಗೆ ಇಪ್ಪತ್ತೊಂದು ಮನೆ. ಹೆಸರು ತಿದ್ದಿದಾಗ ಅರೇಯಲ್ಲಿ ಜಾಗ ಸಿಗದ ಸೊನ್ನೆ ಮಗ್ಗುಲಿನ ಮನೆಗೆ, ಆಗಲೇ ತುಂಬಿದ್ದ ಗುಂಪಿನ ಮೊದಲ ಅಕ್ಷರದ ಮೇಲೆ ಬಿದ್ದಿತ್ತು. ಒಂದೇ ಅಕ್ಷರದ ಗುಂಪಿದ್ದವರ ಕಾರ್ಡ್ ಖಾಲಿ ಬಂತು. ಎಬಿಯಲ್ಲಿ ಎ ಅಳಿದು ಬಿ ಉಳಿಯಿತು.

ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಅಣ್ಣಾಸಾಹೇಬರು ಬಾಯಿ ತೆರೆದರು. “ಚಲೋ ಮಾಡಿದ್ರಿ ಮಾಸ್ತರ. ಸಾಹೇಬ ಅಂತ ಏರಿಸಿ, ರಕ್ತದಾಗ ಅರ್ಧಾ ಕಡದ್ರಿ.”

ವಿದ್ಯಾ ಮಾಸ್ತರರ ಕಡೆ ತಿರುಗಿ, “ಸಣ್ಣ ಹೆಸರಿನ ಬಿ ಯಾರಿದ್ದಾರ ಹೇಳ್ರಿ. ಅವರ ಕಾರ್ಡ್ ಕೆಟ್ಟಿರಂಗಿಲ್ಲ,” ಎಂದಳು.

ಖಾನಾಪುರದಿಂದ ಇನ್ನೊಬ್ಬರು ಬಸ್ಸಿನಲ್ಲಿ ಬರುವಷ್ಟು ಹೊತ್ತಿರಲಿಲ್ಲ. ನಮ್ಮ ಬೀದಿಯ ಫೌಂಡ್ರಿಯಲ್ಲೇ ರಾಮಾ ನಾಯಕ ಎಂಬ ಬಿ ಕಾರ್ಡಿನ ಸದಸ್ಯ ಕೆಲಸಕ್ಕಿದ್ದ. ಕೈಗೆ ಹತ್ತಿದ ಕರಿ ಉಸುಕು ತೊಳೆದುಕೊಂಡು ಅವನು ಮಾಸ್ತರರ ಸ್ಕೂಟರ್ ಹತ್ತಿದ. ನಾನು ನನ್ನ ಗಾಡಿಯಲ್ಲಿ ಹಿಂದೆ ಹೋದೆ. ದಾರಿಯುದ್ದಕ್ಕೂ ವಿದ್ಯಾಳ ತರ್ಕವನ್ನು ತಿರುವಿ ಹಾಕುತ್ತಿದ್ದೆ. ಕಾರಣ ಸಿಕ್ಕಿದೆ ಎಂಬುದು ನಿಜವೇ, ಸಿಕ್ಕಿದರೆ ಸಾಕು ಎಂಬ ಆಸೆಯೇ? ಆಸ್ಪತ್ರೆಯ ವರಾಂಡದಲ್ಲಿ ಆ ಹೆಣ್ಣುಮಗಳ ಗಂಡ ರಾಮಾನ ತೋಳನ್ನೇ ನೋಡುತ್ತಿದ್ದ.

ಲ್ಯಾಬಿನವರು ಕಾರ್ಡನ್ನು ಮುಟ್ಟಲೂ ಇಲ್ಲ. ಬೆರಳು ಚುಚ್ಚಿದರು, ಗಾಜಿನ ಪಟ್ಟಿಯ ಮೇಲೆ ಹನಿ ಹಾಕಿದರು, ಆಕೆಯ ರಕ್ತದೊಂದಿಗೆ ಕೂಡಿಸಿ ಕಾದರು. “ಬಿ ಅದ. ಹೊಂದತದ,” ಎಂದು ಒಳಗೆ ಹೋದರು. ಸಂಜೆಯ ಹೊತ್ತಿಗೆ ಆಕೆ ನೀರು ಕೇಳಿದಳಂತೆ. ಇದನ್ನು ನಾನೇ ಕೇಳಿದೆನೋ, ಮಾಸ್ತರರು ಹೇಳಿದರೋ, ಈಗ ಖಚಿತವಿಲ್ಲ.

ವಿದ್ಯಾ ಅರೇಯ ಅಳತೆ ಹೆಚ್ಚಿಸಿದಳು. ಮಾಸ್ತರರು ಕಾರ್ಡುಗಳನ್ನೆಲ್ಲ ವಾಪಸ್ ತರಿಸಿದರು. ತುಂಬಿದ ವಸ್ತುವಿನ ಉದ್ದ ಬೇರೆ, ತುಂಬುವ ಜಾಗದ ಅಳತೆ ಬೇರೆ ಎಂಬ ಪಾಠವನ್ನು ಮುಂದೆ ಬಂದ ಪ್ರೋಗ್ರಾಮರುಗಳಿಗೆಲ್ಲ ಹೇಳಿದ್ದೇನೆ. ನನಗೆ ಉಳಿದದ್ದು ಮಾತ್ರ ಬೇರೆ ಪಾಠ. ಅಚ್ಚಾಗಿ ಬಂದ ಅಕ್ಷರವನ್ನು ನಾವೆಲ್ಲ ನಂಬಿದ್ದೆವು. ಆಕೆ ಬದುಕಿದ್ದು, ಅದನ್ನು ನಂಬದೆ ಒಂದು ಹನಿ ರಕ್ತ ಕೇಳಿದವರಿಂದ.